ಕೋಳಿಯ ಹೊಟ್ಟೆಯಲ್ಲಿ ಹಾಲ್ಗೆರೆ

ವರ್ಷಗಳಿಗೆ ಇನ್ನೂ ಹೆಸರಿಡದಿದ್ದ ಕಾಲದಲ್ಲಿ ಅಲೆಯೂರು ಎಂಬ ರಾಜ್ಯವಿತ್ತು. ರಾಜ್ಯದ ನಡುವೆ ಹಾಲ್ಗೆರೆ ಎಂಬ ಕೆರೆ. ಈ ದಡದಲ್ಲಿ ನಿಂತರೆ ಆ ದಡ ಕಾಣುತ್ತಿರಲಿಲ್ಲ. ಈ ದಡದಲ್ಲಿ ಸೋಮಿ ಎಂಬ ಅಂಬಿಗರ ಹುಡುಗಿ ತನ್ನ ಅಜ್ಜಿಯ ಜೊತೆ ಇದ್ದಳು. ಅವಳಿಗೆ ಒಂದು ದೋಣಿ, ಹಿತ್ತಲಿನಲ್ಲಿ ಒಂದು ಕೋಳಿ. ಕೋಳಿಯ ಹೆಸರು ಚುಕ್ಕಿ.

ಒಂದು ಬೆಳಿಗ್ಗೆ ಶುಷ್ಕಕೇತು ಎಂಬ ಮಾಂತ್ರಿಕ ನೀರಿನ ಮೇಲೆ ನಡೆದು ಬಂದು ಕೆರೆಯ ನಟ್ಟನಡುವೆ ನಿಂತ. ನೀರು ಯಾರ ಕೈಯಲ್ಲಿದೆಯೋ ರಾಜ್ಯ ಅವರದು ಎಂಬುದು ಅವನಿಗೆ ಗೊತ್ತಿತ್ತು. ಬಲಗೈ ಚಾಚಿ ಮಂತ್ರ ಹೇಳಿದ. ಕೆರೆ ಕುಗ್ಗಿ ಬಾವಿಯಷ್ಟಾಯಿತು. ಬಾವಿ ಕುಗ್ಗಿ ಕೊಡದಷ್ಟಾಯಿತು. ಕೊನೆಗೆ ಒಂದು ಹನಿಯಾಗಿ ಅವನ ಅಂಗೈಯಲ್ಲಿ ಕುಳಿತಿತು. ಮೀನು, ಕಪ್ಪೆ, ತಾವರೆ ಎಲ್ಲವೂ ಆ ಹನಿಯೊಳಗೆ ಇದ್ದವು.

ಹನಿ ಹಿಡಿದು ದಡ ಹತ್ತುವಾಗ ಅವನಿಗೆ ಸೀನು ಬಂತು. ಹನಿ ಜಾರಿತು. ಅಲ್ಲೇ ಮಣ್ಣು ಕೆದಕುತ್ತಿದ್ದ ಚುಕ್ಕಿ ಅದನ್ನು ಕುಕ್ಕಿ ನುಂಗಿತು.

ಮಂತ್ರಕ್ಕೂ ನಿಯಮಗಳಿರುತ್ತವೆ. ಜೀವವಿರುವ ಒಡಲೊಳಗೆ ಆ ಮಂತ್ರ ನಡೆಯುತ್ತಿರಲಿಲ್ಲ. ಮಾಂತ್ರಿಕ ತಾನೇ ಕೋಳಿಯನ್ನು ಕೊಂದರೆ ಹನಿ ಆವಿಯಾಗುತ್ತಿತ್ತು. ಕೋಳಿ ಸಾಕಿದವಳ ಕೈಯಲ್ಲೇ ಸತ್ತರೆ ಮಾತ್ರ ಹನಿ ಅವನ ಅಂಗೈಗೆ ಮರಳುತ್ತಿತ್ತು. ಶುಷ್ಕಕೇತು ಒಂದು ಹುಣಸೆಮರದ ಹಿಂದೆ ಕುಳಿತು ಕಾಯತೊಡಗಿದ.

ಅಲೆಯೂರಿಗೆ ಉಳಿದದ್ದು ಅರಮನೆಯ ಬಾವಿ ಒಂದೇ. ಮನೆಗೆ ಒಂದು ಕೊಡ ನೀರು. ಜನ ಬರಿದಾದ ಕೆರೆಯಂಗಳಕ್ಕೆ ಬಂದು ನಿಂತು ಹಿಂತಿರುಗುತ್ತಿದ್ದರು.

ಇತ್ತ ಹನಿಗೆ ತನ್ನ ಹಳೆಯ ಗಾತ್ರ ನೆನಪಾಗತೊಡಗಿತು. ಮೂರನೆಯ ದಿನ ಚುಕ್ಕಿ ಕಾಲು ಅಗಲಿಸಿ, ಬಾಲ ಇಳಿಬಿಟ್ಟು ನಡೆಯುತ್ತಿತ್ತು.

"ತುಂಬಿದ ಬಸುರಿಯ ಹಾಗೆ ನಡೀತಾಳಲ್ಲೇ ನಿನ್ನ ಮಗಳು," ಎಂದಳು ಅಜ್ಜಿ. "ಮೊಟ್ಟೆ ಸಿಕ್ಕಿಕೊಂಡಿರಬೇಕು."

ಸೋಮಿ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರಿಟ್ಟು ಕೋಳಿಯನ್ನು ಅದರಲ್ಲಿ ಕೂರಿಸಿದಳು. ಮೊಟ್ಟೆ ಬರಲಿಲ್ಲ. ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿದಳು. ಮೊಟ್ಟೆಯ ಗಟ್ಟಿತನವಿಲ್ಲ, ನೀರು ತುಂಬಿದ ತೊಗಲಿನ ಚೀಲದ ಹಾಗಿತ್ತು. ಕಿವಿಯಿಟ್ಟಳು. ಒಳಗೆ ಅಲೆಗಳು ದಡಕ್ಕೆ ಬಡಿಯುತ್ತಿದ್ದವು. ದೂರದಲ್ಲೆಲ್ಲೋ ಕಪ್ಪೆಗಳು ಕೂಗುತ್ತಿದ್ದವು.

"ಅಜ್ಜಿ, ಕೆರೆ ಇಲ್ಲಿದೆ."

"ಎಲ್ಲಿ?"

"ಚುಕ್ಕಿಯ ಹೊಟ್ಟೆಯಲ್ಲಿ."

ಅಜ್ಜಿಯೂ ಬಾಗಿ ಕಿವಿಯಿಟ್ಟಳು. "ಹೌದು ಕಣೇ. ನಮ್ಮ ಕಪ್ಪೆಗಳೇ," ಎಂದಳು.

ಕೋಳಿಯ ಉಸಿರು ಏರಿತ್ತು. ಹಾಗೇ ಬಿಟ್ಟರೆ ಹೊಟ್ಟೆ ಒಡೆಯುತ್ತಿತ್ತು. ಸೋಮಿ ಬೆಳ್ಳಕ್ಕಿಯ ಗರಿಯೊಂದನ್ನು ಹುಡುಕಿ ತಂದು, ಅದರ ಬುಡವನ್ನು ಓರೆಯಾಗಿ ಚೂಪು ಮಾಡಿ, ಅರಿಶಿನದ ನೀರಿನಲ್ಲಿ ಕುದಿಸಿದಳು.

"ಎಲ್ಲವನ್ನೂ ಒಂದೇ ಸಲ ತೆಗೆಯಬೇಡ," ಎಂದಳು ಅಜ್ಜಿ. "ನನ್ನ ತವರಿನಲ್ಲಿ ಒಂದು ಕುರಿಗೆ ಹೀಗೇ ಆಗಿತ್ತು. ಒಂದೇ ಸಲ ತೆಗೆದರು. ಹೊಟ್ಟೆ ಇಳಿಯಿತು, ಕುರಿ ಹೋಯಿತು."

"ಹಾಗಾದರೆ ದಿನಕ್ಕೆ ಒಂದು ಚಿಪ್ಪು," ಎಂದಳು ಸೋಮಿ.

ಗರಿಯ ಕೊಳವೆಯನ್ನು ಚರ್ಮದೊಳಗೆ ಮೆಲ್ಲಗೆ ತೂರಿಸಿದಳು. ಹೊಂಬಣ್ಣದ ನೀರು ತೊಟ್ಟಿಕ್ಕಿತು. ಒಂದು ತೆಂಗಿನ ಚಿಪ್ಪು ತುಂಬಿದೊಡನೆ ಗರಿ ತೆಗೆದು, ಗಾಯಕ್ಕೆ ಅರಿಶಿನ ಒತ್ತಿದಳು. ಚಿಪ್ಪಿನಲ್ಲಿ ಅಕ್ಕಿಕಾಳಿನಷ್ಟು ಮೀನೊಂದು ಈಜುತ್ತಿತ್ತು. ಅದನ್ನು ಕೆರೆಯಂಗಳಕ್ಕೆ ಒಯ್ದು ಸುರಿದಳು. ನೆಲ ಮುಟ್ಟಿದೊಡನೆ ನೀರು ನೂರು ಮಾರು ಹರಡಿತು. ಮೀನು ಮೊಳದುದ್ದವಾಗಿ ಹೊರಳಿತು.

ಅಂದಿನಿಂದ ಸೋಮಿ ಪ್ರತಿದಿನ ಬೆಳಿಗ್ಗೆ ಚುಕ್ಕಿಯ ಹೊಟ್ಟೆಯ ಸುತ್ತ ನೂಲು ಹಿಡಿದು ಅಳೆದಳು. ಒಂದು ಚಿಪ್ಪು ನೀರು ತೆಗೆದಳು. ಹುಲ್ಲು ಹಾಸಿದ ಬುಟ್ಟಿಯಲ್ಲಿ ಮಲಗಿಸಿ, ರಾಗಿಯನ್ನೂ ಸೊಪ್ಪನ್ನೂ ತಿನ್ನಿಸಿದಳು.

ಮಾಂತ್ರಿಕನಿಗೆ ಇದು ಹಿಡಿಸಲಿಲ್ಲ. ಮೊದಲ ಸಲ ಅವನು ಪಂಡಿತನ ವೇಷದಲ್ಲಿ ಬಂದ. ಕೈಯಲ್ಲಿ ಬೆಳ್ಳಿಯ ಚೂರಿ.

"ಏನಮ್ಮ ಇದು, ಬಸವನಹುಳುವಿನ ವೈದ್ಯ? ಒಂದು ಗೀರು ಹಾಕು. ಸಂಜೆಗೆ ಕೆರೆ ತುಂಬುತ್ತದೆ."

"ಕೋಳಿ?"

"ಕೋಳಿ ಕೋಳಿಯೇ."

"ಹಾಗಾದರೆ ಚೂರಿ ಬೇಡ ಪಂಡಿತರೇ. ಮಜ್ಜಿಗೆ ಕೊಡಲೇ?"

ಅವನು ಮಜ್ಜಿಗೆ ಕುಡಿಯದೆ ಹೋದ.

ಎರಡನೆಯ ಸಲ ಮದ್ದು ಮಾರುವವನಾಗಿ ಬಂದ. ಬಿಳಿಯ ಪುಡಿಯ ಪೊಟ್ಟಣ ತೆಗೆದ.

"ಇದನ್ನು ಕಾಳಿನ ಜೊತೆ ಕಲಸಿ ಕೊಡು. ನೋವಿಲ್ಲ, ಗಾಯವಿಲ್ಲ. ನೀರು ತಾನೇ ಇಳಿಯುತ್ತದೆ."

ಮಾತು ಹಿತವಾಗಿತ್ತು. ಗರಿ ಚುಚ್ಚಿದಾಗಲೆಲ್ಲ ಚುಕ್ಕಿ ಕಣ್ಣು ಮುಚ್ಚಿಕೊಳ್ಳುವುದನ್ನು ಸೋಮಿ ನೋಡಿದ್ದಳು. ಪೊಟ್ಟಣ ಕೈಗೆ ತೆಗೆದುಕೊಂಡಳು. ಆದರೆ ಮೊದಲು ಒಂದು ಚಿಟಿಕೆಯನ್ನು ಹಿತ್ತಲಿನ ಬಸಳೆ ಎಲೆಯ ಮೇಲೆ ಉದುರಿಸಿದಳು. ಎಲೆ ಒಣಗಿ, ಸುರುಟಿ, ಬೂದಿಯಾಗಿ ಉದುರಿತು.

"ಬಸಳೆಗೆ ಒಗ್ಗಲಿಲ್ಲ," ಎಂದು ಪೊಟ್ಟಣ ಹಿಂತಿರುಗಿಸಿದಳು.

"ಕೋಳಿ ಬಸಳೆಯೇನಮ್ಮ?"

"ಅಲ್ಲ. ಬಸಳೆ ಮತ್ತೆ ಚಿಗುರುತ್ತೆ."

ಮೂರನೆಯ ಸಲ ಅವನಿಗೆ ಹೆಚ್ಚು ಶ್ರಮವೇ ಬೀಳಲಿಲ್ಲ. ಒಂಬತ್ತನೆಯ ದಿನ ಕೆರೆಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು, ಆದರೆ ಕೆಸರು ಕಲಸಿ ಇನ್ನೂ ಕುಡಿಯುವಂತಿರಲಿಲ್ಲ. ಸುದ್ದಿ ಹಬ್ಬಿ ಊರೆಲ್ಲ ಸೋಮಿಯ ಹಿತ್ತಲಿಗೆ ಬಂದಿತ್ತು. ಅರಸನೂ ಬಂದಿದ್ದ. ಸೋಮಿ ಚಿಪ್ಪು ತುಂಬಿಸಿದಳು. ಜನ ಅದನ್ನು ಕೈಯಿಂದ ಕೈಗೆ ಸಾಗಿಸಿ ಸುರಿದರು. ನೀರು ಹರಡಿದ್ದು ಕಂಡು ಎಲ್ಲರೂ ನಕ್ಕರು. ಎಷ್ಟೋ ದಿನಗಳ ಮೇಲೆ ಕೇಳಿದ ನಗು ಅದು.

ಗುಂಪಿನೊಳಗಿಂದ ಶುಷ್ಕಕೇತು ಸಣ್ಣ ದನಿಯಲ್ಲಿ, "ಇನ್ನೊಂದು ಚಿಪ್ಪು," ಎಂದ. ಅಷ್ಟೇ ಸಾಕಾಯಿತು.

"ಹೌದು ಸೋಮಕ್ಕ, ಇನ್ನೊಂದೇ ಒಂದು," ಎಂದಳು ಕಂಕುಳಲ್ಲಿ ಮಗುವಿದ್ದ ಕುಂಬಾರಗಿತ್ತಿ. "ಇದರ ಬಾಯಿ ನೋಡು, ಒಣಗಿದೆ." ಅದು ನಿಜವಾಗಿತ್ತು.

ಸೋಮಿ ಇನ್ನೊಂದು ಚಿಪ್ಪು ತೆಗೆದಳು. ಮತ್ತೊಂದು ತೆಗೆದಳು. ನಗು ಹೆಚ್ಚಿತು. ನಾಲ್ಕನೆಯದು ತೆಗೆದಳು. ಐದನೆಯದು ಅರ್ಧ ತುಂಬಿದಾಗ ಚುಕ್ಕಿಯ ಕತ್ತು ಅವಳ ಮೊಣಕೈ ಮೇಲೆ ಬಿತ್ತು. ಕೆಂಪು ಜುಟ್ಟು ಸುಣ್ಣದಂತೆ ಬೆಳ್ಳಗಾಗಿತ್ತು.

ಅದೇ ಕ್ಷಣ ಒಬ್ಬ ಗುಂಪಿನಿಂದ ಹೊರಗೆ ಓಡಿದ. ವೇಷ ಕಳಚಿ ಬಿತ್ತು. ಅವನು ಕೆರೆಯ ನಡುವೆ ನಿಂತು, ಬಲಗೈ ಮೇಲಕ್ಕೆ ಚಾಚಿ, "ಬಾ, ನನ್ನ ಹನಿಯೇ," ಎಂದು ಕರೆದ. ಚುಕ್ಕಿಯ ಕೊಕ್ಕಿನ ತುದಿಯಲ್ಲಿ ನೀಲಿಯ ಹನಿಯೊಂದು ಮೂಡತೊಡಗಿತು. ಕೋಳಿ ಸತ್ತರೆ ಕೆರೆ ಅವನ ಪಾಲಾಗುತ್ತದೆಂದು ಆಗ ಎಲ್ಲರಿಗೂ ತಿಳಿಯಿತು.

ಸೋಮಿ ಗರಿ ಕಿತ್ತು, ಗಾಯದ ಮೇಲೆ ಹೆಬ್ಬೆರಳು ಒತ್ತಿದಳು. ಕೋಳಿಯನ್ನು ಎದೆಗೆ ಅವಚಿ ಸೆರಗು ಹೊದಿಸಿದಳು. ಅಜ್ಜಿ ಬೆಲ್ಲದ ನೀರು ತಂದಳು. ಸೋಮಿ ಅದರಲ್ಲಿ ಬೆರಳು ಅದ್ದಿ ಕೊಕ್ಕಿಗೆ ಸವರಿದಳು. ಚುಕ್ಕಿಯ ಎದೆ ಬಡಿಯಿತು. ನಿಂತಿತು. ಮತ್ತೆ ಬಡಿಯಿತು. ಊರೆಲ್ಲ ನೆಲದ ಮೇಲೆ ಕುಳಿತಿತು, ಅರಸನೂ ಕುಳಿತ. ನೆತ್ತಿಯ ಮೇಲಿದ್ದ ಬಿಸಿಲು ಮರದ ಬುಡಕ್ಕೆ ಇಳಿಯುವ ಹೊತ್ತಿಗೆ ನೀಲಿ ಹನಿ ಕೊಕ್ಕಿನೊಳಗೆ ಹಿಂದೆ ಸರಿಯಿತು. ಚುಕ್ಕಿ ಒಂದು ಕಣ್ಣು ತೆರೆಯಿತು.

"ತಪ್ಪು ನನ್ನದು," ಎಂದಳು ಸೋಮಿ. "ಗೊತ್ತಿದ್ದೂ ತೆಗೆದೆ."

"ಕೇಳಿದವರು ನಾವು," ಎಂದ ಅರಸ. "ಇನ್ನೆಷ್ಟು ದಿನ ಬೇಕು?"

"ಮೂರು ದಿನ ಏನೂ ತೆಗೆಯುವುದಿಲ್ಲ. ಆಮೇಲೆ ದಿನಕ್ಕೆ ಅರ್ಧ ಚಿಪ್ಪು. ಎರಡು ತಿಂಗಳಾಗಬಹುದು ಪ್ರಭು."

"ಬೇಗ ಮಾಡಿದರೆ ಕೆರೆ ಅವನ ಪಾಲು, ಅಲ್ಲವೇ?"

"ಹೌದು. ಅವನು ಇಲ್ಲದಿದ್ದರೂ ನಾನು ಇನ್ನು ಬೇಗ ಮಾಡುವುದಿಲ್ಲ."

ಅರಸ ಕುಂಬಾರಗಿತ್ತಿಯ ಕಡೆ ನೋಡಿದ. ಅವಳು ಮಗುವನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿ, "ಎರಡು ತಿಂಗಳು ತಾನೇ," ಎಂದಳು. ಜನ ಎದ್ದು ಮನೆಗೆ ಹೋದರು.

ಶುಷ್ಕಕೇತು ಮಾತ್ರ ಹೋಗಲಿಲ್ಲ. ಚಾಚಿದ ಕೈ ಇಳಿಸಿದರೆ ಮಂತ್ರ ಕಡಿದುಹೋಗುತ್ತಿತ್ತು. ದಿನಕ್ಕೆ ಅರ್ಧ ಚಿಪ್ಪಿನಂತೆ ನೀರು ಏರಿತು. ಅವನ ಸೊಂಟ ಮುಳುಗಿತು, ಎದೆ ಮುಳುಗಿತು. ಮಿಂಚುಳ್ಳಿಗಳು ಅವನ ಹೆಗಲ ಮೇಲೆ ಕುಳಿತು ಮೀನು ನೋಡಿದವು. ನೀರು ಕುತ್ತಿಗೆಗೆ ಬಂದ ದಿನ ಸೋಮಿ ದೋಣಿ ನಡೆಸಿಕೊಂಡು ಅವನ ಬಳಿ ಹೋದಳು.

"ಕೈ ಇಳಿಸಿ, ಅಯ್ಯಾ. ದಡಕ್ಕೆ ಕರೆದೊಯ್ಯುತ್ತೇನೆ."

"ನಿನ್ನ ಕೈ ನಾಳೆ ತಪ್ಪಬಹುದು," ಎಂದ ಅವನು.

"ತಪ್ಪಬಹುದು. ಅದಕ್ಕೇ ನಿಧಾನ ಮಾಡುತ್ತಿದ್ದೇನೆ."

ಅವನು ಕೈ ಇಳಿಸಲಿಲ್ಲ. ಮರುದಿನವೂ ಅವಳು ಹೋಗಿ ಕರೆದಳು. ಅವನು ಒಲ್ಲೆನೆಂದು ತಲೆಯಾಡಿಸಿದ. ಅದರ ಮರುದಿನ ಅಂಗೈಯೊಂದೇ ಕಾಣುತ್ತಿತ್ತು. ಆಮೇಲೆ ನೀರು ಅಂಗೈಯನ್ನೂ ಮುಚ್ಚಿತು. ಮಂತ್ರ ಕಡಿಯಿತು. ಹಾಲ್ಗೆರೆ ಒಮ್ಮೆ ಉಸಿರೆಳೆದುಕೊಂಡಂತೆ ಎದ್ದು, ತನ್ನ ಹಳೆಯ ದಡ ಮುಟ್ಟಿತು. ಮಾಂತ್ರಿಕ ನಿಂತಿದ್ದ ಕಡೆ ಒಂದು ಬಂಡೆಯಿತ್ತು.

ಚುಕ್ಕಿಯ ಹೊಟ್ಟೆಯಲ್ಲಿ ಇನ್ನೂ ಒಂದು ಚಮಚದಷ್ಟು ನೀರು ಉಳಿದಿತ್ತು. ಸೋಮಿ ಅದನ್ನು ತೆಗೆಯಲಿಲ್ಲ. ಅದು ತಾನಾಗಿಯೇ ಇಳಿಯಿತು.

"ಇನ್ನು ಇವಳು ಮೊಟ್ಟೆ ಇಡ್ತಾಳೇನೇ?" ಎಂದು ಕೇಳಿದಳು ಅಜ್ಜಿ.

"ಇಟ್ಟರೆ ಇಡಲಿ," ಎಂದಳು ಸೋಮಿ.

ಅಲೆಯೂರಿನ ಕೊಡಗಳು ತುಂಬಿದವು, ದೋಣಿಗಳು ಓಡಾಡಿದವು, ಎಲ್ಲರೂ ನಗುನಗುತ್ತ ಬಾಳಿದರು. ಚುಕ್ಕಿ ಇನ್ನೂ ಏಳು ವರ್ಷ ಬದುಕಿತು. ಕೋಳಿಗೆ ಅದು ತುಂಬು ಆಯುಸ್ಸು.