ಟೈಟೇನಿಯಂನ ಮಡಿ

ಇಪ್ಪತ್ತೆರಡು ವರ್ಷ ಕಬ್ಬಿಣ ಬೆಸೆದ ದುಂಡೇಶನನ್ನು ಬಿಟ್ಟು, ಮಾಲೀಕ ಅಹ್ಮದಸಾಬ ಟೈಟೇನಿಯಂ ಕೋಣೆಯ ಕೀಲಿಯನ್ನು ಹುನಗುಂದದಿಂದ ಬಂದ ಜಾಸ್ಮಿನಳಿಗೆ ಕೊಟ್ಟಿದ್ದ. ಅಂದಿನಿಂದ ದುಂಡೇಶನಿಗೆ ಉಂಡದ್ದು ಮೈಗೆ ಹತ್ತಿಲ್ಲ. ಬಾಗಲಕೋಟೆ ನವನಗರದ ಆ ವರ್ಕ್‌ಶಾಪಿನಲ್ಲಿ ಆಕೆ ನಡೆಸುವ ಮಡಿ ಕಂಡರೆ ಬನಶಂಕರಿಯ ಪೂಜಾರಿಯೂ ನಾಚಬೇಕು. ಚಪ್ಪಲಿ ಹೊರಗೆ, ಬ್ರಷ್ಷು ಬೇರೆ, ಅರಿವೆ ಬೇರೆ. ಜಿಡ್ಡು ತೆಗೆಯುವ ಅಸಿಟೋನಿನಲ್ಲಿ ಒರೆಸಿದ ಮೇಲೆ ಯಾರೂ ಮುಟ್ಟುವಂತಿಲ್ಲ.

"ಬರಿಗೈಲೆ ಮುಟ್ಟಬ್ಯಾಡ್ರಿ ಕಾಕಾ. ಕಾದ ಟೈಟೇನಿಯಂ ಎಲ್ಲಾ ಹೀರತೈತಿ. ಕೈಯಾನ ಜಿಡ್ಡು ಹತ್ತಿದ್ರೂ ವೆಲ್ಡಿಂಗ್ ಕೆಡತೈತಿ," ಎಂದು ಆಕೆಯೇ ಹೇಳಿಕೊಟ್ಟಿದ್ದಳು. ಕಳ್ಳನ ಕೈಗೆ ಕೀಲಿ ಕೊಟ್ಟಂತಾಗಿತ್ತು.

ಪುಣೆಯಿಂದ ಗಿರಾಕಿಯ ಇನ್‌ಸ್ಪೆಕ್ಟರ್ ಬರುವ ದಿನವನ್ನೇ ಅವನು ಆರಿಸಿದ. ಆತನೆದುರು ಬೆಸೆದ ಕೊಳವೆ ಕೆಟ್ಟರೆ ಜಾಸ್ಮಿನ ಮನೆಗೆ, ಕೀಲಿ ತನಗೆ. ಕಬ್ಬಿಣದ ಪುಡಿ ಉದುರಿಸಿದರೆ ಕಣ್ಣಿಗೆ ಬೀಳುತ್ತದೆ. ಮಶೀನಿನ ಎಣ್ಣೆ ವಾಸನೆ ಹೊಡೆಯುತ್ತದೆ. ಕಡೆಗೆ ಬುತ್ತಿಯ ಶೇಂಗಾಹಿಂಡಿಗೆ ಕಲಸಿದ ಎಣ್ಣೆಯೇ ಸೈ ಅನ್ನಿಸಿತು. ಹೆಂಡತಿ ಸಾವಂತ್ರವ್ವನ ಕೈರುಚಿಯೇ ಆಯುಧವಾದರೆ ಯಾರು ತಾನೇ ಹುಡುಕಿಯಾರು?

ಊಟದ ಹೊತ್ತು ಕಳೆದ ಮೇಲೆ ಜಾಸ್ಮಿನ ಕೊಳವೆಯನ್ನು ಒರೆಸಿಟ್ಟು, ಇನ್‌ಸ್ಪೆಕ್ಟರನನ್ನು ಕರೆತರಲು ಬಾಗಿಲಿಗೆ ಕೀಲಿ ಹಾಕದೆ ಗೇಟಿಗೆ ಹೋದಳು. ದುಂಡೇಶ ಚಪ್ಪಲಿಯನ್ನು ಹೊರಗೇ ಬಿಟ್ಟು ಒಳಗೆ ಹೋದ, ಹೆಜ್ಜೆ ಮೂಡಬಾರದಲ್ಲ. ಎರಡು ತುಂಡು ಕೂಡುವ ಅಂಚಿನಲ್ಲಿ ಹಿಂಡಿಯ ಎಣ್ಣೆ ಹತ್ತಿದ ಹೆಬ್ಬೆರಳನ್ನು ಒಮ್ಮೆ ಒತ್ತಿದ. ಬಗ್ಗಿ ನೋಡಿದರೂ ಏನೂ ಕಾಣಲಿಲ್ಲ. ಉಳಿದದ್ದನ್ನು ಬೆಂಕಿ ನುಂಗುತ್ತದೆ ಎಂಬುದು ಇಪ್ಪತ್ತೆರಡು ವರ್ಷ ಕಬ್ಬಿಣ ಅವನಿಗೆ ಕಲಿಸಿದ ಪಾಠ.

ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಬೆಳ್ಳಿಯಂತೆ ಹೊಳೆಯಬೇಕಿದ್ದ ಬೆಸುಗೆ ಬೂದಿ ಬಣ್ಣಕ್ಕೆ ತಿರುಗಿ ಗುಳ್ಳೆ ಎದ್ದಿತು. ಇನ್‌ಸ್ಪೆಕ್ಟರ್ ಅಡ್ಡಡ್ಡ ತಲೆಯಾಡಿಸಿದ. ಜಾಸ್ಮಿನಳ ಕಣ್ಣು ತುಂಬಿದ್ದನ್ನು ಕಂಡು ದುಂಡೇಶನಿಗೆ ಒಂಚೂರು ಕೆಡುಕೆನಿಸಿತು, ಆದರೆ ಒಂಚೂರೇ.

"ಇರಲಿ ಬಿಡವ್ವ. ಕೈ ಕುಂದ್ರಾಕ ವರ್ಷಗಟ್ಟಲೆ ಬೇಕು," ಎಂದು ಸಮಾಧಾನ ಮಾಡಿದ.

ಆರಿದ ಕೊಳವೆಯನ್ನು ಅಹ್ಮದಸಾಬ ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಕಬ್ಬಿಣದ ಮೇಲಿನ ಜಿಡ್ಡು ಸುಟ್ಟು ಹೋಗುತ್ತದೆ. ಟೈಟೇನಿಯಂ ಕಾದಾಗ ಜಿಡ್ಡಿದ್ದಲ್ಲೇ ಬಣ್ಣ ಕಟ್ಟುತ್ತದೆ. ಬೆಸುಗೆಯ ಪಕ್ಕದಲ್ಲಿ ಗೆರೆಗೆರೆಯಾಗಿ ನೀಲಿ ಹೆಬ್ಬೆಟ್ಟೊಂದು ಮೂಡಿತ್ತು, ನಡುವೆ ಅಡ್ಡ ಸೀಳಿದ ಹಳೆಯ ಗಾಯದ ಸಮೇತ. ಅಹ್ಮದಸಾಬ ದುಂಡೇಶನ ಬಲಗೈ ಹಿಡಿದು ಮೆಲ್ಲಗೆ ಹೊರಳಿಸಿ ನೋಡಿದ. "ಐಟಿಐ ಪಾಸಾದಾಂವ ನೀ," ಎಂದ. "ಸಹಿ ಬಿಟ್ಟು ಹೆಬ್ಬೆಟ್ಟು ಯಾಕ ಒತ್ತಿದಿಪಾ?"