ಸೈತಾನನ ಏಳು

"ಗಂಡ ಹೆಂಡತಿ ನಾವೊಂದು ಕಡೆ, ಮಕ್ಕಳು ನೀವೊಂದು ಕಡೆ," ಎಂದು ಮೋಹಿನಿ ಆಂಟಿ ತಮ್ಮ ಪ್ರಿನ್ಸ್‌ಟನ್ ಮನೆಯ ಬೇಸ್‌ಮೆಂಟಿನಲ್ಲಿ, ಇಸ್ಪೀಟಿನ ಮೇಜಿನೆದುರು ತೀರ್ಪು ಕೊಟ್ಟರು. ನನ್ನ ಜೊತೆಗಾರನಾಗಿ ವಿನಾಯಕ್ ನನ್ನೆದುರು ಕುರ್ಚಿ ಎಳೆದು ಕೂತ. ಅವನು ಕೂತ ರೀತಿಗೇ ನನಗೆ ಮೈ ಉರಿಯಿತು.

ನಾವಿಬ್ಬರೂ ಮಾತು ಬಿಟ್ಟು ಒಂದು ವರ್ಷ. ಅದಕ್ಕೂ ಮುಂಚೆ ಎಂಟು ತಿಂಗಳು ಪ್ರತಿ ಶನಿವಾರ ಅವನು ರೈಲು ಬದಲಿಸಿಕೊಂಡು ನನ್ನನ್ನು ನೋಡಲು ನಾನಿದ್ದ ಹಿಕ್ಸ್‌ವಿಲ್‌ಗೆ ಬರುತ್ತಿದ್ದ. ಕೊನೆಯ ದಿನ ಪ್ಲಾಟ್‌ಫಾರ್ಮಿನಲ್ಲಿ, ಇವತ್ತಾದರೂ ಮದುವೆಯ ಮಾತು ಎತ್ತುತ್ತಾನೆಂದು ಕಾದೆ. "ನೋಡೋಣ" ಎಂದು ರೈಲು ಹತ್ತಿದ. ಆಮೇಲೆ ಫೋನೂ ಇಲ್ಲ. ನಾನೇಕೆ ಮಾಡಲಿ?

ಈಗ ದೂರದ ಹ್ಯೂಸ್ಟನ್‌ನ ಆಸ್ಪತ್ರೆಯೊಂದು ನನ್ನನ್ನು ಕೆಲಸಕ್ಕೆ ಕರೆದಿದೆ. ಸೋಮವಾರ ಸಹಿ ಮಾಡಬೇಕು. ಊಟದ ಹೊತ್ತಿಗೆ ಆಂಟಿ ಅದನ್ನು ಹೇಳಿದಾಗ ವಿನಾಯಕ್ ತಟ್ಟೆಯಿಂದ ತಲೆ ಎತ್ತಿರಲಿಲ್ಲ.

ಆಟ ಅವನೇ ತಂದದ್ದು. ಲ್ಯಾಬಿನ ಜರ್ಮನ್ ಸಹೋದ್ಯೋಗಿ ಕಲಿಸಿದ್ದಂತೆ.

"ಹೆಸರು ಕಾರ್ನೊಫೆಲ್. ಸುಮಾರು ಆರುನೂರು ವರ್ಷ ಹಳೇದು. ಹರ್ನಿಯಾಕ್ಕೆ ಹಾಗೆ ಹೇಳ್ತಿದ್ರಂತೆ."

"ಆಪರೇಷನ್ ಥಿಯೇಟರಲ್ಲಿ ದಿನಾ ನೋಡ್ತೇನೆ. ರಜೆಯಲ್ಲೂ ಬೇಕಾ ಆಂಟಿ?" ಅವನತ್ತ ನೋಡದೆ ಆಂಟಿಯನ್ನು ಕೇಳಿದೆ.

ಆಂಟಿಯ ಗಂಡ ಮಹಾಬಲ ಅಂಕಲ್ ಜೋರಾಗಿ ನಕ್ಕರು. ವಿನಾಯಕ್ ತುಟಿ ಕಚ್ಚಿ ನಗು ತಡೆದದ್ದನ್ನು ನಾನು ನೋಡಿಬಿಟ್ಟೆ. ನೋಡಬಾರದಿತ್ತು.

ತಲೆಗೆ ಐದೆಲೆ, ಐದು ಸುತ್ತು; ಮೂರು ಗೆದ್ದವರದ್ದು ಆಟ. ತುರುಪಿನ ಗುಲಾಮ ರಾಜನನ್ನೂ ಹೊಡೆಯುತ್ತಾನೆ. ತುರುಪಿನ ಏಳಕ್ಕೆ ಸೈತಾನ ಎಂದು ಹೆಸರು. ಸುತ್ತಿನ ಮೊದಲ ಎಲೆಯಾಗಿ ಇಳಿಸಿದರೆ ಅದನ್ನು ಗುಲಾಮನೊಬ್ಬನೇ ಹೊಡೆಯಬಲ್ಲ. ಬೇರೆಯವರ ಎಲೆಯ ಮೇಲೆ ಹಾಕಿದರೆ ಮೂರು ಕಾಸಿಗೂ ಬಾರದು. ಜೊತೆಗಾರರು ಕೈಯಲ್ಲಿರುವುದನ್ನು ಬಾಯಿಬಿಟ್ಟು ಹೇಳಿಕೊಳ್ಳಲೂಬಹುದು. ನಮ್ಮ ಉಡುಪಿ ಕಡೆಯ ಇಪ್ಪತ್ತೆಂಟರ ಆಟದಲ್ಲಾದರೆ ಕೆಮ್ಮಿದರೂ ಕಳ್ಳಾಟ!

ಮೂರು ಸುತ್ತು ಮುಗಿದಾಗ ನಮಗೆ ಎರಡು, ಅವರಿಗೆ ಒಂದು. ತುರುಪಿನ ಗುಲಾಮ ಆಗಲೇ ಇಳಿದಾಗಿತ್ತು. ನಾಲ್ಕನೇ ಸುತ್ತಿನ ಮೊದಲ ಎಲೆ ನನ್ನದು.

"ಸೈತಾನ ನಿಮ್ಮ ಹತ್ರ ಉಂಟಾ?" ವಿನಾಯಕ್ ಕೇಳಿದ.

ನಿಮ್ಮ! ನನ್ನ ತಟ್ಟೆಯಿಂದ ಗೋಳಿಬಜೆ ಕದ್ದು ತಿನ್ನುತ್ತಿದ್ದವನು!

"ಇಲ್ಲ," ಎಂದೆ.

ಇತ್ತು. ಹಟಕ್ಕೆ ಬೇರೆ ಎಲೆ ಎಸೆದೆ. ಅಂಕಲ್ ಆ ಸುತ್ತು ಗೆದ್ದು, ಕೊನೆಯ ಸುತ್ತಿಗೆ ರಾಜನನ್ನು ಇಳಿಸಿದರು. ನನ್ನ ಕೈಯಲ್ಲಿ ಉಳಿದಿದ್ದ ಏಳು ಅದರ ಮೇಲೆ ಸುಮ್ಮನೆ ಬಿತ್ತು. ಸೋತೆವು.

ವಿನಾಯಕನ ಕಿವಿ ಕೆಂಪಾಯಿತು. "ಇದ್ದೂ ಇಲ್ಲ ಅಂದ್ರಾ?"

"ಸ್ಟೇಷನ್‌ನಲ್ಲಿ ನೀವೆಂತ ಮಾಡಿದ್ರಿ?"

"ಅವತ್ತು ಅಮ್ಮನ ಹತ್ರ ನಮ್ಮ ಮದುವೆ ವಿಷಯ ಹೇಳಿಯೇ ಬಂದಿದ್ದೆ. ನಿನಗೂ ಇಷ್ಟ ಉಂಟು ಅಂತ ನೀನು ಒಂದು ಮಾತು ಹೇಳ್ಲಿ ಅಂತ ಕಾದೆ, ಮಾರಾಯ್ತಿ!"

ಆಂಟಿ ಅಂಕಲ್‌ರ ತೋಳು ಹಿಡಿದು ಮೆಟ್ಟಿಲ ಕಡೆ ಎಳೆದೊಯ್ದರು.

ಕೆನ್ನೆಗೆ ಬಾರಿಸಬೇಕೆನಿಸಿತು. ಅತ್ತುಬಿಡಬೇಕೆಂದೂ ಅನಿಸಿತು. ವರ್ಷವಿಡೀ ನಾನು ದ್ವೇಷಿಸಿದ್ದು ಈ ಮುಖವನ್ನೇ, ಕನಸಿನಲ್ಲಿ ಬಂದದ್ದೂ ಇದೇ. ಅವನು ಈಗಲೂ ಬಾಯಿ ಮುಚ್ಚಿ ಕಾಯುತ್ತಿದ್ದ. ಬಿಟ್ಟರೆ ನನ್ನ ವಿಮಾನ ಏರುವ ತನಕ ಕಾಯುತ್ತಾನೆ.

ಎಲೆಗಳನ್ನೆಲ್ಲ ಬದಿಗೆ ಸರಿಸಿ, ಆ ಏಳನ್ನು ಮೇಜಿನ ನಡುವೆ ಬಡಿದೆ.

"ಹ್ಯೂಸ್ಟನ್ ಬೇಡ ನನಗೆ. ನಿನ್ನನ್ನ ಮದುವೆ ಆಗ್ಬೇಕು. ಇದಕ್ಕೆ ಮೇಲಿನ ಎಲೆ ಉಂಟಾ ನಿನ್ನ ಹತ್ರ?"

ಅವನು ಎರಡೂ ಅಂಗೈ ಬಿಚ್ಚಿ ನನ್ನ ಮುಂದಿಟ್ಟ. ಕಣ್ಣು ತುಂಬಿತ್ತು.

"ಇಲ್ಲ," ಎಂದ. "ಆದ್ರೆ ನಾಲ್ಕನೇ ಸುತ್ತಿಗೇ ಇಳಿಸಿದ್ರೆ ಆಟವೂ ಗೆಲ್ತಿದ್ದೆವು."