ದಾದಿಯ ಫೋನಿನಲ್ಲಿದ್ದ ಮಾತುಗಳು

"ಸಾಯೋ ಮಾತು ಆಡಬೇಡ ದಾದಿ!" ಇಲ್ಮಾ ಫೋನನ್ನು ಮಂಚದ ಮೇಲೆ ಇಟ್ಟೇಬಿಟ್ಟಳು.

ದಾದಿ, ಅಂದರೆ ಅವಳ ಅಪ್ಪನ ತಾಯಿ ಅಖ್ತರ್‌ಬೀ, ಹೊಲಿಗೆ ಮಷಿನ್ ನಿಲ್ಲಿಸಿ ನಕ್ಕಳು. "ಕೊನೇಗೆ ಹೊದಿಸೋ ಬಿಳಿ ಬಟ್ಟೆ ತಂದು ಪೆಟ್ಟಿಗೇಲಿ ಇಟ್ಕೊಂಡಿಲ್ವೇನು ನಾನು? ಇಟ್ಟು ಎಷ್ಟೋ ವರ್ಷ ಆತು, ಸತ್ನಾ? ನಾನು ಹೋದ್ಮೇಲೆ ಫೋನಿನಾಗಿರೋದು ಯಾರಿಗೆ ಅಂತ ಅದಕ್ಕೂ ಹಂಗೇ ಒಂದು ವ್ಯವಸ್ಥೆ ಆಗ್ಲಿ. ಓದಾಕೆ ನಂಗೆ ಬರಲ್ಲ, ನೀನು ಒತ್ತು."

ಇಲ್ಮಾ ಮುಖ ಊದಿಸಿಕೊಂಡೇ ಫೋನ್ ಎತ್ತಿಕೊಂಡಳು.

ಬಸವಾಪಟ್ಟಣದಲ್ಲಿ ಅಖ್ತರ್‌ಬೀ ಹೊಲಿದ ಬ್ಲೌಸ್ ತೊಡದ ಮದುಮಗಳು ಅಪರೂಪ. ಫೋನಿನ ತುಂಬಾ ಕಸೂತಿ ಡಿಸೈನುಗಳ ಫೋಟೋ, ರಾಶಿ ರಾಶಿ!

"ಅವೆಲ್ಲ ಮಸರತ್‌ಗೆ," ಎಂದಳು ದಾದಿ. ಮಸರತ್ ಅವಳ ಹತ್ತಿರ ಹೊಲಿಗೆ ಕಲಿಯುವ ಹುಡುಗಿ. "ಮನೆಯವ್ರ ಫೋಟೋ ನಿಮ್ಮಪ್ಪಂಗೆ ಕಳ್ಸು."

ಇಲ್ಮಾ ಕಳಿಸಿದಳು. "ವಾಯ್ಸ್ ಮೆಸೇಜು?"

"ಒಂದೂ ಬಿಡದಂಗೆ ಅಳಿಸು. ಕೇಳಬೇಡ."

"ಯಾಕೆ? ನಿನ್ನ ಫೋನಲ್ಲೇ ಐತಲ್ಲ?"

"ಫೋನ್ ನಂದು, ಮಾತು ನಂದಲ್ಲ. ಅಳತೆ ಹೇಳ್ತಾ ಹೇಳ್ತಾ ಹೆಣ್ಮಕ್ಳು ಮನಸ್ಸಿನಾಗಿಂದೂ ಹೇಳ್ಕೊಂಬಿಡ್ತಾರೆ. ನನ್ನ ನಂಬಿ ಇಟ್ಟಿರೋ ವಸ್ತು ಅದು, ಅಮಾನತ್ತು. ನಾನು ಕಣ್ಮುಚ್ಚಿದ ಮೇಲೆ ಯಾರ್ಯಾರ ಕಿವಿಗೋ ಬೀಳಬಾರದು."

ಅಷ್ಟು ಹೇಳಿ ದಾದಿ ನಮಾಜಿಗೆ ಒಳಗೆ ಹೋದಳು.

ಇಲ್ಮಾ ಅಳಿಸುತ್ತ ಬಂದಳು. ದುರ್ಗಾಂಬಿಕಾ, ಮಾಲಾ, ಓಬವ್ವ... ಮುಂದಿನ ಹೆಸರು ನೋಡಿ ಅವಳ ಬೆರಳು ನಿಂತಿತು.

ಪುಷ್ಪಾ ಮಿಸ್! ಇಲ್ಮಾಳ ಕ್ಲಾಸ್ ಟೀಚರ್. ಹೋದ ವಾರ ಮಿಸ್ ಪಾಠ ಮಾಡುತ್ತಲೇ ಕಣ್ಣೊರೆಸಿಕೊಂಡಿದ್ದರು. ಯಾಕಿರಬಹುದು ಅಂತ ಇಡೀ ಕ್ಲಾಸೇ ಗುಸುಗುಸು ಮಾಡಿತ್ತು. ಉತ್ತರ ಇದರಲ್ಲೇ ಇದ್ದರೆ? ಒಂದು ಸಲ ಒತ್ತಿದರೆ ಸಾಕು, ನಾಳೆ ಎಲ್ಲರೂ ಇಲ್ಮಾಳ ಸುತ್ತ ಮುತ್ತಿಕೊಳ್ಳುತ್ತಾರೆ. ಅವಳು ಒಳಗಿನ ಬಾಗಿಲ ಕಡೆ ಕಣ್ಣು ಹಾಯಿಸಿದಳು.

ಒಳಗಿದ್ದ ದಾದಿ ಇತ್ತ ತಿರುಗಿಯೂ ನೋಡಲಿಲ್ಲ. ಅರ್ಧ ಊರಿನ ಗುಟ್ಟು ಅವಳಿಗೆ ಗೊತ್ತು. ಆದರೆ ಮನೆಯಲ್ಲಿ ಒಂದು ದಿನವೂ, ಊಟಕ್ಕೆ ಕೂತಾಗಲೂ, ಅದರಲ್ಲೊಂದು ಮಾತು ಅವಳ ಬಾಯಿಂದ ಬಿದ್ದಿರಲಿಲ್ಲ. ಎಂಥ ಗಟ್ಟಿಗಿತ್ತಿ ನಮ್ಮ ದಾದಿ! ಇಲ್ಮಾಗೆ ಹೆಮ್ಮೆಯಾಯಿತು.

ಅವಳು ಡಿಲೀಟ್ ಒತ್ತಿದಳು.

ಮರುದಿನ ಕ್ಲಾಸಿನ ಬಾಗಿಲಲ್ಲೇ ಮಿಸ್ ಎದುರಾದರು. "ಹೆಂಗಿದಾರೆ ಇಲ್ಮಾ, ನಿಮ್ಮ ದಾದಿ?"

"ಚೆನ್ನಾಗಿದಾರೆ ಮಿಸ್."

ಇಲ್ಮಾ ಅವರ ಮುಖವನ್ನೇ ನೋಡುತ್ತ ಹೇಳಿದಳು. ಕಣ್ಣು ತಪ್ಪಿಸಬೇಕು ಅಂತ ಅವಳಿಗೆ ಅನಿಸಲೇ ಇಲ್ಲ.